ಅಮೆರಿಕದ ತಂಬಾಕು ರೈತರಿಗೆ ಸರ್ಕಾರ ದುಡ್ಡು ಕೊಟ್ಟಿದ್ದು ಯಾಕೆ? ಬೆಳೆಯದವರ ಹೆಸರೂ ಪಟ್ಟಿಯಲ್ಲಿ ಯಾಕಿದೆ?

ನಾರ್ತ್ ಕೆರೊಲಿನಾ ರಾಜ್ಯದ ಜಾನ್‌ಸ್ಟನ್ ಕೌಂಟಿಯ (ನಮ್ಮ ಜಿಲ್ಲೆ ಇದ್ದಂತೆ) ಸಬ್ಸಿಡಿ ಪಟ್ಟಿ ನೋಡಿ, ಹೊಲಕ್ಕೆ ಕಾಲಿಡದವರಿಗೂ ತಂಬಾಕಿನ ದುಡ್ಡು ಹೇಗೆ ಹೋಯಿತು ಅಂತ ಕೇಳಿದ್ದೀರಿ. ನಾನಿರುವುದು ಪಕ್ಕದ ಕೌಂಟಿಯಲ್ಲಿ. ಹುಟ್ಟಿದ್ದು ಹುಣಸೂರು ಕಡೆ, ಹಾಗಾಗಿ ಹೊಗೆಸೊಪ್ಪಿನ ವಿಷಯ ಬಂದರೆ ಸುಮ್ನೆ ಇರಲಾಗುವುದಿಲ್ಲ.

ನೀವು ನೋಡಿದ ದುಡ್ಡಿನ ಬಹುಪಾಲು ಬೆಳೆಗೆ ಕೊಟ್ಟ ಸಬ್ಸಿಡಿ ಅಲ್ಲ, ಕೋಟಾ ಎಂಬ ಹಕ್ಕನ್ನು ಸರ್ಕಾರ ರದ್ದು ಮಾಡಿದ್ದಕ್ಕೆ ಕೊಟ್ಟ ಪರಿಹಾರ. 1938ರ ಕಾನೂನಿನ ಮೇಲೆ ನಿಂತ ವ್ಯವಸ್ಥೆ ಅದು. ಯಾರು ಎಷ್ಟು ತಂಬಾಕು ಮಾರಬಹುದು ಅಂತ ಸರ್ಕಾರವೇ ಮಿತಿ ಹಾಕುತ್ತಿತ್ತು, ಬದಲಿಗೆ ಕನಿಷ್ಠ ಬೆಲೆ ಸಿಗುತ್ತಿತ್ತು. ಕೋಟಾ ಇದ್ದದ್ದು ಜಮೀನಿನ ಮೇಲೆ. ಅಪ್ಪ ತೀರಿಕೊಂಡರೆ ಜಮೀನಿನ ಜೊತೆ ಮಕ್ಕಳಿಗೆ ಬರುತ್ತಿತ್ತು. ಮಕ್ಕಳು ಪೇಟೆ ಸೇರಿ ಬೇರೆ ಕೆಲಸ ಹಿಡಿದರೂ ಕೋಟಾ ಅವರದ್ದೇ. ಬೆಳೆಯಬೇಕು ಅನ್ನುವವನು ಅವರ ಹೊಲವನ್ನು ಗುತ್ತಿಗೆಗೆ ಹಿಡಿಯಬೇಕಿತ್ತು. ಬಿಸಿಲಲ್ಲಿ ಎಲೆ ಮುರಿಯುವವನು ಒಬ್ಬ, ಬಾಡಿಗೆ ಎಣಿಸುವವನು ಇನ್ನೊಬ್ಬ. ನಮ್ಮ ಹುಣಸೂರು ಕಡೆ ತಂಬಾಕು ಬೆಳೆಯುವ ಲೈಸೆನ್ಸ್ ಒಬ್ಬರ ಹೆಸರಲ್ಲಿ, ಬೇಸಾಯ ಇನ್ನೊಬ್ಬರದ್ದು ಇರುತ್ತಲ್ಲ, ಹೆಚ್ಚುಕಮ್ಮಿ ಹಾಗೇ.

ಸಿಗರೇಟು ಸೇದುವವರು ಕಡಿಮೆಯಾದರು. ಬ್ರೆಜಿಲ್‌ನಿಂದ ಅಗ್ಗದ ಎಲೆ ಬಂತು. 1997ರಿಂದ 2004ರ ಹೊತ್ತಿಗೆ ಈ ಭಾಗದ ಕೋಟಾ ಅರ್ಧಕ್ಕೆ ಇಳಿಯಿತು. ಆಗ ರೈತರೇ ಈ ವ್ಯವಸ್ಥೆ ಬೇಡ, ಪರಿಹಾರ ಕೊಟ್ಟು ಮುಗಿಸಿ ಅಂದರು. ಅಕ್ಟೋಬರ್ 2004ರಲ್ಲಿ ಬುಷ್ ಸಹಿ ಹಾಕಿದ ಕಾನೂನಿನಿಂದ ಕೋಟಾ ಹೋಯಿತು, ಬೆಂಬಲ ಬೆಲೆಯೂ ಹೋಯಿತು.

ಲೆಕ್ಕ ಹೀಗಿತ್ತು. 2002ರ ಕೋಟಾ ಆಧಾರ. ಕೋಟಾ ಇದ್ದ ಮಾಲೀಕನಿಗೆ ಒಂದು ಪೌಂಡ್ ತೂಕದ ಕೋಟಾಕ್ಕೆ ಒಟ್ಟು 7 ಡಾಲರ್. ಬೆಳೆದವನಿಗೆ 3 ಡಾಲರ್, ಅದೂ 2002, 2003, 2004 ಮೂರೂ ವರ್ಷ ಬೆಳೆದಿದ್ದರೆ. ಒಂದೇ ವರ್ಷವಾದರೆ 1 ಡಾಲರ್. ಹತ್ತು ವರ್ಷ, ಹತ್ತು ಕಂತು. 10,000 ಪೌಂಡ್ ಕೋಟಾಕ್ಕೆ ಮಾಲೀಕನಿಗೆ ವರ್ಷಕ್ಕೆ 7,000 ಡಾಲರ್, ಗೇಣಿದಾರನಿಗೆ 3,000. ಎರಡೂ ತಾನೇ ಆಗಿದ್ದವನಿಗೆ ಪೂರ್ತಿ 10,000.

ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಒಂದು ಸಸಿಯನ್ನೂ ನೆಟ್ಟವರಲ್ಲ. ಅಮ್ಮನಿಂದ ಬಂದ ಕೋಟಾಕ್ಕೆ ವರ್ಷವರ್ಷ ಚೆಕ್ ಬಂತು, ಮನೆಯ ಸೂರು ಹೊಸದಾಯಿತು. ಅವರ ಹೊಲ ಮಾಡುತ್ತಿದ್ದವನಿಗೆ ಬಂದದ್ದು ಅದರ ಅರ್ಧಕ್ಕಿಂತ ಕಮ್ಮಿ. ನನಗೆ ಇದು ಸರಿ ಅನ್ನಿಸುವುದಿಲ್ಲ. ಆದರೆ ಅವನನ್ನೇ ಕೇಳಿದರೆ, "ಕೋಟಾ ಬಾಡಿಗೆ ತಪ್ಪಿತಲ್ಲ, ಅದೇ ಸಾಕು" ಅನ್ನುತ್ತಾನೆ. ಈಗ ಕಂಪನಿಯ ಜೊತೆ ನೇರ ಕರಾರು ಮಾಡಿಕೊಂಡು ಮೊದಲಿಗಿಂತ ಜಾಸ್ತಿಯೇ ಬೆಳೆಯುತ್ತಾನೆ. ಸಣ್ಣಪುಟ್ಟವರು ಮಾತ್ರ ಆ ಹೊತ್ತಿಗೇ ತಂಬಾಕು ಬಿಟ್ಟರು. ಎಷ್ಟೋ ಜನ ಮುಂದಿನ ಕಂತುಗಳನ್ನು ಬ್ಯಾಂಕಿಗೆ ಬರೆದುಕೊಟ್ಟು ಒಟ್ಟಿಗೇ ದುಡ್ಡು ತೆಗೆದುಕೊಂಡರು.

ತೆರಿಗೆ ದುಡ್ಡು ಪೋಲಾಯಿತು ಅನ್ನುವುದೂ ಪೂರ್ತಿ ನಿಜವಲ್ಲ. ಮಾರುಕಟ್ಟೆಯಲ್ಲಿ ಯಾರ ಪಾಲು ಎಷ್ಟು ಅಂತ ನೋಡಿ ಸಿಗರೇಟು, ತಂಬಾಕು ಕಂಪನಿಗಳಿಂದಲೇ ವಸೂಲಿ ಮಾಡಿದರು. ಮಿತಿ 1,014 ಕೋಟಿ ಡಾಲರ್. ಕಂಪನಿಗಳು ಅದನ್ನು ಯಾರ ಜೇಬಿನಿಂದ ತೆಗೆದಿರಬಹುದು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಆ ಪಟ್ಟಿಯನ್ನು ಇನ್ನೊಮ್ಮೆ ತೆರೆದರೆ ವರ್ಷದ ಕಾಲಂ ನೋಡಿ. 2005ರಿಂದ 2014ರವರೆಗೆ ಒಂದೇ ಹೆಸರಿಗೆ ಒಂದೇ ಮೊತ್ತ ಮತ್ತೆಮತ್ತೆ ಬಂದಿದ್ದರೆ, ಅದು ಕೋಟಾ ಪರಿಹಾರದ ಕಂತೇ ಇರಬೇಕು.