ಸೂರ್ಯನ ಲ್ಯೂಮಿನಾಸಿಟಿ ಪುಸ್ತಕದ ಉತ್ತರಕ್ಕೆ ತಾಳೆಯಾಗದಿದ್ದರೆ
ಲ್ಯೂಮಿನಾಸಿಟಿ (ಸೂರ್ಯ ಸೆಕೆಂಡಿಗೆ ಹೊರಸೂಸುವ ಒಟ್ಟು ಶಕ್ತಿ) ಲೆಕ್ಕ ಹಾಕಿದಾಗ ನಿಮಗೆ 3.8×10²⁹ ಬಂದು ಪುಸ್ತಕದಲ್ಲಿ 3.8×10³³ ಇದೆ ಅಂದರೆ ಸೂತ್ರ (4πR²σT⁴) ಸರಿಯೇ ಇದೆ, ಯೂನಿಟ್ ಬೆರೆತಿದೆ. ಬಹುಶಃ ಸ್ಟೀಫನ್ ಸ್ಥಿರಾಂಕವನ್ನು (ಸೂತ್ರದ σ) ಪುಸ್ತಕದಿಂದಲೇ ಸಿಜಿಎಸ್‌ನಲ್ಲಿ (ಸೆಂಟಿಮೀಟರ್-ಗ್ರಾಂ-ಸೆಕೆಂಡ್ ಪದ್ಧತಿ; 5.67×10⁻⁵) ತೆಗೆದುಕೊಂಡು, ತ್ರಿಜ್ಯ ಮಾತ್ರ ಮೀಟರಿನಲ್ಲಿ ಹಾಕಿದ್ದೀರಿ. 6.96×10¹⁰ ಸೆಂ.ಮೀ. ಹಾಕಿ ನೋಡಿ, ಸೆಕೆಂಡಿಗೆ ಇಷ್ಟು ಅರ್ಗ್ (ಸಿಜಿಎಸ್ ಶಕ್ತಿಯ ಯೂನಿಟ್) ಎಂದು ತಾಳೆಯಾಗುತ್ತದೆ. ವಾಟ್ ಬೇಕಿದ್ದರೆ 10⁷ರಿಂದ ಭಾಗಿಸಿ.

ಮುಂದಿನ ಅಧ್ಯಾಯಕ್ಕೆ ಹೋಗುವ ಮೊದಲು ಸ್ಥಿರಾಂಕಗಳ ಪಟ್ಟಿಯಲ್ಲಿ ಗುರುತ್ವದ್ದನ್ನು ನೋಡಿಕೊಳ್ಳಿ: 6.67×10⁻⁸ ಇದ್ದರೆ ಸಿಜಿಎಸ್, 6.67×10⁻¹¹ ಇದ್ದರೆ ಮೀಟರ್-ಕಿಲೋಗ್ರಾಂ-ಸೆಕೆಂಡ್ ಬಳಸುವ ಎಸ್‌ಐ. ಸಿಜಿಎಸ್‌ನಿಂದ ಎಸ್‌ಐಗೆ ಬರಲು ಸಾಂದ್ರತೆಯನ್ನು 1000ದಿಂದ ಗುಣಿಸಿ, ಒಪಾಸಿಟಿಯನ್ನು (ವಸ್ತು ಬೆಳಕನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) ಮಾತ್ರ 10ರಿಂದ ಭಾಗಿಸಿ (ಎಡವುವುದು ಇಲ್ಲೇ). ಕಾಂತಕ್ಷೇತ್ರ ಬಂದಾಗ ಸಿಜಿಎಸ್ ಯೂನಿಟ್ ಆದ ಗಾಸನ್ನು ಟೆಸ್ಲಾ ಮಾಡಿದರೆ ಸಾಲದು, ಸೂತ್ರವೇ ಬೇರೆ: ಕಾಂತೀಯ ಒತ್ತಡದ ಛೇದದಲ್ಲಿ 8 ಪೈ ಹೋಗಿ 2 ಮ್ಯೂ-ನಾಟ್ (μ₀, ನಿರ್ವಾತದ ಕಾಂತೀಯ ಸ್ಥಿರಾಂಕ) ಬರುತ್ತದೆ.