ಮನೆಯ ದೀಪಗಳನ್ನೆಲ್ಲ ಹೊತ್ತಿಸಿ ಓಡುತ್ತಿದ್ದ ದಿನಗಳು

ಮಕ್ಕಳ ಆಟೋಟ ಸ್ಪರ್ಧೆಯ ಟಿವಿ ಕಾರ್ಯಕ್ರಮಗಳಲ್ಲಿ ಯಾವುದು ಇನ್ನೂ ನೆನಪಿದೆ, ಯಾಕೆ ಎಂದು ಕೇಳಿದ್ದೀರಿ. ನನಗೆ ನಿಕೆಲೋಡಿಯನ್ ಚಾನೆಲ್‌ನ 'ಗಟ್ಸ್'. ಅಪ್ಪನ ಕೆಲಸದಿಂದಾಗಿ ಆಗ ನಾವು ಅಮೆರಿಕದಲ್ಲಿದ್ದೆವು. 1992ರಲ್ಲಿ ಶುರುವಾದ ಕಾರ್ಯಕ್ರಮ ಅದು.

ಮೂರೇ ಮಕ್ಕಳು. ನೀಲಿ, ಕೆಂಪು, ನೇರಳೆ ಬಣ್ಣದ ಬಟ್ಟೆ. ಸೊಂಟಕ್ಕೆ ಎಲಾಸ್ಟಿಕ್ ಹಗ್ಗ ಬಿಗಿದು ಮೇಲಕ್ಕೆ ಚಿಮ್ಮಿಸುತ್ತಿದ್ದರು. ನಮ್ಮಷ್ಟೇ ಎತ್ತರದ ಹುಡುಗಿ ಗಾಳಿಯಲ್ಲಿ ಹಾರಿ ಬ್ಯಾಸ್ಕೆಟ್‌ಗೆ ಚೆಂಡು ಹಾಕುವುದನ್ನು ನೋಡಿ ಮೈ ಜುಮ್ಮೆನ್ನುತ್ತಿತ್ತು. ನಡೆಸಿಕೊಡುತ್ತಿದ್ದವರು ಮೈಕ್ ಒಮ್ಯಾಲಿ. ಅಂಕ ಹೇಳುವ ರೆಫರಿ ಮೊಯಿರಾ ಕ್ವರ್ಕ್, ಎಲ್ಲರ ಬಾಯಲ್ಲೂ 'ಮೋ'.

ಆದರೆ ನಾವು ಕಾಯುತ್ತಿದ್ದದ್ದು ಕೊನೆಯ ಸುತ್ತಿಗೆ. ಆಗ್ರೋ ಕ್ರ್ಯಾಗ್! ಫ್ಲಾರಿಡಾದ ಸ್ಟುಡಿಯೋ ಒಳಗೇ ಕಟ್ಟಿದ್ದ ಬೆಟ್ಟ. ಹೊಗೆ, ಮಿಂಚು, ಮೇಲಿಂದ ಉರುಳುವ ಫೋಮ್ ಬಂಡೆಗಳು. ಮೊದಲು ತುದಿ ಮುಟ್ಟಿದರಷ್ಟೇ ಸಾಲದು, ದಾರಿಯಲ್ಲಿರುವ ದೀಪಗಳನ್ನೆಲ್ಲ ಒತ್ತಿ ಹೊತ್ತಿಸಿಕೊಂಡೇ ಹೋಗಬೇಕು. ಹಿಂದಿನ ನಾಲ್ಕು ಆಟಗಳಲ್ಲಿ ಗೆದ್ದವರಿಗೆ ತಲಾ 300, ಕೊನೆಯವರಿಗೆ 100 ಅಂಕ. ಬೆಟ್ಟದಲ್ಲಿ ಮಾತ್ರ 725, 550, 375. ಅಂದರೆ 300 ಅಂಕ ಹಿಂದಿದ್ದ ಮಗುವೂ ಅಲ್ಲಿ ಗೆದ್ದುಬಿಡಬಹುದಿತ್ತು, ಮುಂದಿದ್ದವರು ಮೂರನೆಯವರಾದರೆ. ಈ ಲೆಕ್ಕ ಹಾಕಿದವರು ಮಕ್ಕಳ ಮನಸ್ಸು ಬಲ್ಲವರು ಅಂತ ನನಗೆ ಈಗಲೂ ಅನ್ನಿಸುತ್ತದೆ. ಸೋಲುತ್ತಿರುವ ಮಗುವಿಗೂ ಕೊನೆಯವರೆಗೆ ಓಡಲು ಕಾರಣ ಬೇಕಲ್ವಾ? ಗೆದ್ದವರಿಗೆ ಆ ಬೆಟ್ಟದ್ದೇ ಒಂದು ಹೊಳೆಯುವ ಚೂರು ಕೊಡುತ್ತಿದ್ದರು. ಆ ಚೂರಿಗಾಗಿ ನಾನು ಎಷ್ಟು ಆಸೆಪಟ್ಟಿದ್ದೆನೋ!

ಕಾರ್ಯಕ್ರಮ ಮುಗಿದ ಕೂಡಲೇ ನಮ್ಮನೆಯಲ್ಲಿ ಆಟ ಶುರು. ಮೆಟ್ಟಿಲೇ ಬೆಟ್ಟ, ಸೋಫಾದ ದಿಂಬುಗಳೇ ಬಂಡೆ. ಕೆಳಗಿನ ಹಾಲ್‌ನಿಂದ ಮೇಲಿನ ಕೋಣೆಯವರೆಗೆ ಸಿಕ್ಕ ಸ್ವಿಚ್ಚನ್ನೆಲ್ಲ ಒತ್ತುತ್ತಾ ಓಡಬೇಕು. "ಹಗಲು ಹೊತ್ತಲ್ಲಿ ದೀಪ ಯಾಕ್ರೋ ಹಾಕ್ತೀರಾ?" ಅಂತ ಅಮ್ಮ ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ನಾವು ನಿಲ್ಲುತ್ತಿರಲಿಲ್ಲ.

2008ರಲ್ಲಿ ಅಪ್ಪ ಅಮ್ಮಂದಿರೂ ಮಕ್ಕಳ ಜೊತೆ ಆಡುವ ಹೊಸ ರೂಪದಲ್ಲಿ ಅದು ಮತ್ತೆ ಬಂತು. ಚೆನ್ನಾಗಿಯೇ ಇತ್ತು. ಆದರೆ ನನಗೆ ಬೇಕಿದ್ದದ್ದು ಆ ಮೂವರು ಮಕ್ಕಳು ಮಾತ್ರ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು, ಪ್ರತಿ ಸಲ ಅವಳೇ ಮುಂದೆ. ಎಲ್ಲ ಸ್ವಿಚ್ಚೂ ಅವಳೇ ಒತ್ತಿಬಿಟ್ಟರೆ ನನಗೇನು ಉಳಿಯಿತು? ಅದಕ್ಕೇ ಮೇಲಿನ ಕೋಣೆಯ ದೀಪವನ್ನು ಅವಳು ಮುಟ್ಟುತ್ತಿರಲಿಲ್ಲ. ಬಾಗಿಲ ಹತ್ತಿರ ಏದುಸಿರು ಬಿಡುತ್ತಾ ನಿಂತು, ನಾನು ಬಂದು ಒತ್ತುವವರೆಗೂ ಕಾಯುತ್ತಿದ್ದಳು.