ಶೆಡ್ಡಿನಲ್ಲಿ ಯಾರದು ಕೆಲಸ, ಯಾರದು ಸಾಮಾನು

ಮನೆಯ ಕಾರ್ ಶೆಡ್ಡಿನಲ್ಲಿ ಗಂಡ ಶುರುಮಾಡಿದ ಮರಗೆಲಸದಿಂದ ಹುಟ್ಟಿದ ಜಗಳವನ್ನು ಹೊತ್ತು ನನ್ನ ಬಳಿ ಆಪ್ತಸಲಹೆಗೆ ಬಂದ ದಂಪತಿಯ ಕಥೆ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ದಂಪತಿ ಇಬ್ಬರೂ ಒಪ್ಪಿದ್ದಾರೆ. ಗಂಡನದು ಒಂದೇ ಷರತ್ತು: ‘ಬರಿಯ ಹವ್ಯಾಸ ಎಂದು ಬರೆಯಬಾರದು.’

ಅವರು ಬಂದದ್ದು ದಸರಾ ಮುಗಿದ ಎರಡನೆಯ ವಾರ. ಆತನಿಗೆ ಅರವತ್ತೊಂದು, ಬ್ಯಾಂಕಿನಿಂದ ನಿವೃತ್ತರು. ಆಕೆಗೆ ಐವತ್ತೇಳು, ಶಾಲಾ ಶಿಕ್ಷಕಿ. ಮೈಸೂರಿನಲ್ಲಿ ನಲವತ್ತು ಅರವತ್ತರ ನಿವೇಶನದಲ್ಲಿ ಸ್ವಂತ ಮನೆ, ಪಕ್ಕದಲ್ಲೊಂದು ಕಾರ್ ಶೆಡ್. ಈ ವಯಸ್ಸಿನವರು ನನ್ನ ಬಳಿ ಬರುವುದು ಸಾಮಾನ್ಯವಾಗಿ ಮಕ್ಕಳ ಮದುವೆಯ ಅಥವಾ ಆಸ್ತಿಯ ತಕರಾರು ಹೊತ್ತು. ಇವರು ತಂದದ್ದು ಗೇಣುದ್ದದ ಒಂದು ರೇಷ್ಮೆ ಸೀರೆ.

ಪಟ್ಟದ ಗೊಂಬೆಗೆ ಉಡಿಸುವ ಸೀರೆ. ಆಕೆ ಅದನ್ನು ಕೈಚೀಲದಿಂದ ತೆಗೆದು ನನ್ನ ಮೇಜಿನ ಮೇಲೆ ಬಿಡಿಸಿದರು. ಪ್ರತಿ ನೆರಿಗೆಯಲ್ಲೂ ಹೊಂಗಂದು ಬಣ್ಣದ ನುಣ್ಣನೆಯ ಹುಡಿ. ಬೆರಳಿನಿಂದ ಒರೆಸಿದರೆ ಉದುರುವ ಬದಲು ನೂಲಿನೊಳಕ್ಕೆ ಇಳಿಯುತ್ತಿತ್ತು. ಮದುವೆಯಲ್ಲಿ ತವರಿನವರು ಕೊಟ್ಟ ಜೋಡಿ ಗೊಂಬೆ ಅದು. ವರ್ಷಕ್ಕೊಮ್ಮೆ ತೆರೆಯುವ ಟ್ರಂಕು ಶೆಡ್ಡಿನ ಅಟ್ಟದಲ್ಲಿತ್ತು. ನವರಾತ್ರಿಗೆಂದು ಕೆಳಗಿಳಿಸಿದರೆ ಮುಚ್ಚಳದ ಸಂದಿಯಿಂದ ನುಸುಳಿದ ತೇಗದ ಹೊಟ್ಟು ಒಳಗೆಲ್ಲ ಹರಡಿತ್ತು.

“ಒಗೆದರೆ ಹೋಗುತ್ತದೆ ಎಂದು ಹೇಳಿದೆ” ಎಂದರು ಆತ.

“ಹೌದು, ಹಾಗೆಂದೇ ಹೇಳಿದರು” ಎಂದರು ಆಕೆ.

ಮೊದಲ ಭೇಟಿಯಲ್ಲಿ ನಾನು ಹೆಚ್ಚು ಮಾತನಾಡುವುದಿಲ್ಲ. ಯಾರು ಯಾವ ಪದವನ್ನು ಮತ್ತೆ ಮತ್ತೆ ಬಳಸುತ್ತಾರೆ ಎಂದು ಗುರುತು ಹಾಕಿಕೊಳ್ಳುತ್ತೇನೆ. ಆತ ಒಂದು ಗಂಟೆಯಲ್ಲಿ ‘ನನ್ನ ಕೆಲಸ’ ಎಂದದ್ದು ಹನ್ನೊಂದು ಸಲ, ‘ಇವಳ ಸಾಮಾನು’ ಎಂದದ್ದು ಒಂಬತ್ತು ಸಲ. ಇವಳ ಸಾಮಾನು ಯಾವುದು ಎಂದು ಕೇಳಿದೆ. ಸ್ಕೂಟರ್, ವಾಷಿಂಗ್ ಮೆಷಿನ್, ಮಳೆಗಾಲದ ಬಟ್ಟೆ ಹಗ್ಗ, ಅಕ್ಕಿ ಮೂಟೆ, ಉಪ್ಪಿನಕಾಯಿ ಜಾಡಿಗಳು, ಹೆಚ್ಚುವರಿ ಗ್ಯಾಸ್ ಸಿಲಿಂಡರ್, ಗೊಂಬೆ ಟ್ರಂಕು. ಇದರಲ್ಲಿ ನೀವು ತಿನ್ನದ, ಉಡದ ಸಾಮಾನು ಎಷ್ಟಿದೆ ಎಂದೆ. ಅವರಿಗೆ ಸಿಟ್ಟು ಬಂತು. ಬರಲಿ ಎಂದೇ ಕೇಳಿದ್ದೆ.

ಆತನ ಪಕ್ಷವನ್ನೂ ಹೇಳಬೇಕು. ಹುಡುಗನಾಗಿದ್ದಾಗ ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದ ಮೇಲೆ ಇನ್‌ಲೇ ಚಿತ್ರ ಕೂರಿಸುವವರ ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದರಂತೆ. ‘ಅದೆಲ್ಲ ಹೊಟ್ಟೆ ತುಂಬಿಸುವುದಿಲ್ಲ’ ಎಂದು ತಂದೆ ಬ್ಯಾಂಕ್ ಪರೀಕ್ಷೆಗೆ ಕೂರಿಸಿದರು. ಮೂವತ್ತೈದು ವರ್ಷ ಲೆಕ್ಕ ಬರೆದು, ನಿವೃತ್ತಿಯ ಹಣ ಬಂದ ತಿಂಗಳೇ ಟೇಬಲ್ ಸಾ ತಂದರು. ಹಲಗೆಯನ್ನು ಉದ್ದಕ್ಕೆ ಸೀಳುವ ಮೇಜುಗರಗಸ. ಎರಡನೆಯ ಭೇಟಿಗೆ ತಾವು ಮಾಡಿದ ಪುಟ್ಟ ಪೆಟ್ಟಿಗೆಯನ್ನು ತಂದಿದ್ದರು. ಮೂಲೆಗಳಲ್ಲಿ ಮೊಳೆಯಿಲ್ಲದೆ, ಹಲ್ಲಿಗೆ ಹಲ್ಲು ಕೂರಿಸಿದ ಡವ್‌ಟೇಲ್ ಜೋಡಣೆ. ಕಣ್ಣು ಮುಚ್ಚಿ ಉಗುರನ್ನು ಆ ಜಾಗದ ಮೇಲೆ ಎಳೆದೆ, ಸಂದಿ ಎಲ್ಲಿದೆ ಎಂದು ತಿಳಿಯಲಿಲ್ಲ. ಹವ್ಯಾಸ ಎನ್ನಬಾರದು ಎಂಬ ಷರತ್ತು ನನಗೆ ಅರ್ಥವಾದದ್ದು ಆಗ.

“ಚೆನ್ನಾಗಿದೆ ಎಂದು ಹೇಳುವುದಕ್ಕೂ ಪಾದ ಮುಳುಗುವಷ್ಟು ಹೊಟ್ಟಿನಲ್ಲಿ ನಡೆದು ಹೋಗಬೇಕು” ಎಂದರು ಆಕೆ.

ಆತ ರಾಜಿಗೆಂದು ಒಂದು ಪ್ರಸ್ತಾಪ ಮುಂದಿಟ್ಟರು. ಗೊಂಬೆ ಕೂರಿಸಲು ಒಂಬತ್ತು ಮೆಟ್ಟಿಲಿನ ತೇಗದ ಸ್ಟ್ಯಾಂಡ್ ಮಾಡಿಕೊಡುತ್ತಾರಂತೆ. ಆಕೆ ಒಂದು ಕ್ಷಣ ಸುಮ್ಮನಿದ್ದು, “ಅದನ್ನು ಎಲ್ಲಿ ಇಡುವುದು?” ಎಂದರು. ಆಪ್ತಸಲಹೆಗಾರರು ನಗಬಾರದು. ನಕ್ಕುಬಿಟ್ಟೆ.

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಶೆಡ್ಡನ್ನು ಅರ್ಧಕ್ಕೆ ಸುಣ್ಣದ ಗೆರೆ ಎಳೆದು ಹಂಚಿಕೊಳ್ಳಿ ಎಂದು ಸಲಹೆ ಕೊಟ್ಟೆ. ಅಣ್ಣತಮ್ಮಂದಿರ ಪಾಲಿನ ಜಗಳಗಳನ್ನು ನೋಡಿ ನೋಡಿ ಬಂದ ಚಾಳಿ ಅದು. ಗೆರೆ ಒಂಬತ್ತು ದಿನ ಬಾಳಿತು. ಹೊಟ್ಟಿಗೆ ಗೆರೆ ಕಾಣುವುದಿಲ್ಲ. ಎಂಟು ಅಡಿಯ ಹಲಗೆ ಗೆರೆ ದಾಟದೆ ತಿರುಗುವುದಿಲ್ಲ. ಮೊದಲು ಜಾಗದ ಜಗಳವಿತ್ತು, ಈಗ ಗಡಿಯ ಜಗಳ ಶುರುವಾಯಿತು.

ಮನೆಗಳಿಗೆ ಹೋಗುವ ಪದ್ಧತಿ ನನಗಿಲ್ಲ. ಈ ಒಂದು ಸಲ ಟೇಪು ಹಿಡಿದು ಹೋದೆ. ಶೆಡ್ಡು ಹತ್ತು ಅಡಿ ಅಗಲ, ಹದಿನೆಂಟು ಅಡಿ ಉದ್ದ. ಅವರ ಚಿಕ್ಕ ಕಾರು ಹನ್ನೆರಡು ಅಡಿ ಉದ್ದ, ಐದೂಕಾಲು ಅಡಿ ಅಗಲ. ಬಾಗಿಲು ತೆರೆದು ಇಳಿಯಲು ಇನ್ನೆರಡು ಅಡಿಯಾದರೂ ಬೇಕು. ಎಂಟು ಅಡಿಯ ಹಲಗೆಯನ್ನು ಗರಗಸಕ್ಕೆ ಕೊಡಬೇಕಾದರೆ ಅಲಗಿನ ಮುಂದೆ ಎಂಟು ಅಡಿ, ಹಿಂದೆ ಎಂಟು ಅಡಿ ಖಾಲಿ ಇರಬೇಕು. ಒಟ್ಟು ಹದಿನಾರು, ನಿಲ್ಲುವವನ ಜಾಗ ಬೇರೆ. ಕಾರು ಒಳಗಿದ್ದರೆ ಹಲಗೆ ಸೀಳಲಾಗದು, ಹಲಗೆ ಸೀಳುವಾಗ ಕಾರು ಒಳಗಿರಲಾಗದು. ಇದರಲ್ಲಿ ಯಾರ ಹಟವೂ ಇಲ್ಲ, ಇದು ಬರಿಯ ಅಂಕಗಣಿತ. ಆ ಶೆಡ್ಡಿನಲ್ಲಿ ಜಾಗವನ್ನು ಹಂಚಲು ಬರುವುದಿಲ್ಲ, ಹೊತ್ತನ್ನು ಹಂಚಬಹುದು.

ಅಳತೆ ಹಿಡಿಯುತ್ತಿದ್ದಾಗಲೇ ನಿಜವಾದ ವಿಷಯ ಹೊರಬಂತು. ಎಂಟು ತಿಂಗಳಿಂದ ಕಾರು ಬೀದಿಯ ಮರದಡಿ ನಿಂತಿದೆ, ಅದರ ಬಗ್ಗೆ ಆಕೆ ಚಕಾರವೆತ್ತಿಲ್ಲ. ಆಕೆಯನ್ನು ಕೊರೆಯುತ್ತಿದ್ದದ್ದು ಬೆಳಗಿನ ಎಂಟು ಗಂಟೆ ಹತ್ತು ನಿಮಿಷ. ಸ್ಕೂಟರಿಗೆ ಯಂತ್ರ ಅಡ್ಡ ಇರುತ್ತದೆ. ಆಕೆ ಕರೆಯಬೇಕು, ಆತ ಬಂದು ಸರಿಸಬೇಕು.

“ನನ್ನ ಸ್ಕೂಟರ್ ತೆಗೆಯಲು ದಿನವೂ ಅಪ್ಪಣೆ ಕೇಳುವ ಹಾಗಾಗಿದೆ.”

“ಅಪ್ಪಣೆಯೇ? ಕರೆದರೆ ಬರುತ್ತೇನಲ್ಲ!”

ಆತ ಪ್ರಾಮಾಣಿಕವಾಗಿಯೇ ಹೇಳಿದರು. ಕರೆದರೆ ಬರುತ್ತಾರೆ, ನಿಜ. ಆದರೆ ಕರೆಯುವ ಹೊರೆ ಮೂವತ್ತು ದಿನವೂ ಒಬ್ಬರ ತಲೆಯ ಮೇಲಿದೆ. ಆ ಶೆಡ್ಡಿನಲ್ಲಿ ಏನನ್ನು ಸರಿಪಡಿಸಿದರೂ ಇದನ್ನು ಸರಿಪಡಿಸದಿದ್ದರೆ ಪ್ರಯೋಜನವಿಲ್ಲ ಎನ್ನಿಸಿತು.

ಹಾಗಾಗಿ ಮೊದಲ ಸಲಹೆ ಇದು: ಸಂಜೆ ಐದಕ್ಕೆ ಶೆಡ್ಡು ಮನೆಗೆ ಸೇರಿದ್ದು. ಬೆಳಗ್ಗೆ ಆಕೆ ಹೊರಟ ಮೇಲೆ, ಒಂಬತ್ತೂವರೆಯಿಂದ, ಅದು ಕಾರ್ಯಾಗಾರ. ಎಲ್ಲ ಯಂತ್ರಗಳಿಗೂ ಬೀಗ ಬೀಳುವ ಚಕ್ರ ಹಾಕಿಸಬೇಕು, ಐದಕ್ಕೆ ಅವು ಗೋಡೆ ಸೇರಬೇಕು. ಅದನ್ನು ನೆನಪಿಸುವುದು ಆಕೆಯ ಕೆಲಸವಲ್ಲ. ಒಂದು ದಿನ ಯಂತ್ರ ಅಡ್ಡ ನಿಂತಿತ್ತೆನ್ನಿ, ಆಕೆ ಕರೆಯುವುದಿಲ್ಲ, ಆಟೋ ಹಿಡಿದು ಶಾಲೆಗೆ ಹೋಗುತ್ತಾರೆ. ಬಾಡಿಗೆ ಆತನದು. ಅಂಟು ರಾತ್ರಿಯಿಡೀ ಒಣಗಬೇಕು, ಕ್ಲ್ಯಾಂಪ್ ಹಾಕಿದ ಕೆಲಸವನ್ನು ಐದಕ್ಕೆ ಎತ್ತಲಾಗದು ಎಂದು ಆತ ವಾದಿಸಿದರು. ಮಾತು ಸರಿಯಾಗಿತ್ತು. ಹಿಂಗೋಡೆಗೆ ಎರಡು ಅಡಿ ಅಗಲದ ಬೆಂಚು ಶಾಶ್ವತವಾಗಿ ಅವರದೇ ಎಂದಾಯಿತು. ಅದರ ಮೇಲೆ ಆಕೆ ಹಾಲಿನ ಪಾತ್ರೆಯನ್ನೂ ಇಡುವಂತಿಲ್ಲ.

ಹೊಟ್ಟಿನ ವಿಷಯದಲ್ಲಿ ಮಾತ್ರ ನಾನು ನಡುವೆ ನಿಲ್ಲಲಿಲ್ಲ, ಪೂರ್ತಿ ಆಕೆಯ ಕಡೆಗೆ ವಾಲಿದೆ. ಅಕ್ಕಿ, ಉಪ್ಪಿನಕಾಯಿ, ಗೊಂಬೆ, ಒಗೆಯುವ ಯಂತ್ರ, ಯಾವುದೂ ಅಲ್ಲಿರಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. “ನಮ್ಮ ಹಳೆಯ ಬಡಗಿಗಳು ಮಾಸ್ಕ್ ಹಾಕುತ್ತಿದ್ದರೇ?” ಎಂದು ಆತ ಕೇಳಿದರು. ಮರ ನಯ ಮಾಡುವ ಹತ್ತರಿ ಹೊಡೆದರೆ ಬರುವುದು ಸುರುಳಿ, ಅದು ನೆಲಕ್ಕೆ ಬೀಳುತ್ತದೆ. ಯಂತ್ರ ಮತ್ತು ಉಪ್ಪುಕಾಗದ ಎಬ್ಬಿಸುವುದು ಕಣ್ಣಿಗೆ ಕಾಣದ ಪುಡಿ, ಅದು ಯಂತ್ರ ನಿಂತ ಮೇಲೂ ಗಾಳಿಯಲ್ಲಿ ತೇಲುತ್ತಿರುತ್ತದೆ. ಆದ್ದರಿಂದ ಸದ್ದು ನಿಂತ ತಕ್ಷಣ ಎನ್95 ಮಾಸ್ಕ್ ತೆಗೆಯಬಾರದು, ಒಣ ಪೊರಕೆಯಿಂದ ಗುಡಿಸಬಾರದು, ಧೂಳನ್ನು ಅಲಗಿನ ಬುಡದಲ್ಲೇ ಹೀರಿಕೊಳ್ಳುವ ವ್ಯಾಕ್ಯೂಮ್ ಇಡಬೇಕು. ಟ್ರಂಕು ಮಲಗುವ ಕೋಣೆಯ ಅಟ್ಟಕ್ಕೆ ಹೋಯಿತು.

ಬಟ್ಟೆ ಹಗ್ಗದ ಬಗ್ಗೆ ಆತನ ದೂರು ನ್ಯಾಯವಾದದ್ದು. ಟೇಬಲ್ ಸಾದ ಎರಕದ ಕಬ್ಬಿಣದ ಮೇಲ್ಮೈ ತೋರಿಸಿದರು. ನುಣುಪಾದ ಬೂದುಬಣ್ಣದ ಮೇಲೆ, ಒದ್ದೆ ಸೀರೆಯ ಸೆರಗು ತೊಟ್ಟಿಕ್ಕಿದ ಕಡೆಯಲ್ಲೆಲ್ಲ ಎಂಟಾಣೆಯಷ್ಟಗಲದ ತುಕ್ಕಿನ ಬೊಟ್ಟುಗಳು, ಸಾಲಾಗಿ. ಎರಡು ಭಾನುವಾರ ಉಜ್ಜಿದರೂ ಕಲೆ ಉಳಿದಿತ್ತು. ಆಕೆ ಅದನ್ನು ಮೊದಲ ಬಾರಿಗೆ ಬಗ್ಗಿ ನೋಡಿದರು. ಏನೂ ಹೇಳಲಿಲ್ಲ. ಸೀರೆಯ ಕಲೆಯನ್ನು ಆತನೂ ಹಾಗೆ ಬಗ್ಗಿ ನೋಡಿದ್ದರೆ ನನ್ನ ಬಳಿಗೆ ಬರುವ ಪ್ರಮೇಯವೇ ಇರುತ್ತಿರಲಿಲ್ಲವೇನೋ.

ಇನ್ನೊಂದು ನನ್ನ ಕ್ಷೇತ್ರದ ವಿಷಯವಲ್ಲ. ಆದರೂ ನೋಡಿ ಸುಮ್ಮನಿರಲಾಗಲಿಲ್ಲ. ಮೂಲೆಯ ರಟ್ಟಿನ ಡಬ್ಬದಲ್ಲಿ ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ತುರುಕಿದ್ದರು. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಬಟ್ಟೆ ಮುದ್ದೆಯಾಗಿದ್ದರೆ ಆ ಬಿಸಿ ಹೊರಹೋಗದೆ ಬೆಂಕಿಕಡ್ಡಿಯ ಹಂಗಿಲ್ಲದೆ ತಾನೇ ಹೊತ್ತಿಕೊಳ್ಳಬಹುದು. ಡಬ್ಬದಿಂದ ನಾಲ್ಕು ಅಡಿಯಾಚೆ ಸಿಲಿಂಡರ್, ಅದರ ಪಕ್ಕ ಪೆಟ್ರೋಲ್ ಸ್ಕೂಟರ್. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ; ಕೈಯಂತ್ರಗಳ ಮೋಟಾರು ತಿರುಗುವಾಗ ಒಳಗೆ ಕಿಡಿ ಹಾರುತ್ತದೆ. ನಾನು ಹೊರಗೆ ಬಂದು ನಿಂತೇ ಮಾತು ಮುಂದುವರಿಸಿದೆ. ಸಿಲಿಂಡರ್ ಅಂದೇ ಹೊರಗೆ ಗಾಳಿಯಾಡುವ ಕಡೆಗೆ ಹೋಯಿತು. ಯಂತ್ರ ನಡೆಯುವಾಗ ಸ್ಕೂಟರ್ ಶೆಡ್ಡಿನಲ್ಲಿ ಇರಕೂಡದು ಎಂದಾಯಿತು. ಎಣ್ಣೆಬಟ್ಟೆಯನ್ನು ಅಂಗಳದಲ್ಲಿ ಹರಡಿ ಒಣಗಿಸಬೇಕು, ಇಲ್ಲವೇ ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ನೀರು ತುಂಬಿ ಮುಳುಗಿಸಬೇಕು. ಯಂತ್ರಗಳಿಗೆ ಪ್ರತ್ಯೇಕ ವಿದ್ಯುತ್ ಲೈನು ಎಳೆಸಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ವಿದ್ಯುತ್ ಸೋರಿದರೆ ತಕ್ಷಣ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಹಾಕಿಸಿ ಎಂದೆ.

ಸದ್ದಿನ ಬಗ್ಗೆ ಆತ ಕಾನೂನು ಓದಿಕೊಂಡೇ ಬಂದಿದ್ದರು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು. ಅದೇ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬಲ್ ಎಂದೂ ಇದೆಯಲ್ಲ ಎಂದು ನೆನಪಿಸಿದೆ. ಪಕ್ಕದ ಮನೆಯ ಅಜ್ಜನ ಮಧ್ಯಾಹ್ನದ ನಿದ್ರೆ ಯಾವ ನಿಯಮದಲ್ಲೂ ಇಲ್ಲ, ಆದರೆ ದಿನ ಬೆಳಗಾದರೆ ಮುಖ ನೋಡಬೇಕಾದವರು. ಒಂದರಿಂದ ಮೂರರವರೆಗೆ ಉಳಿ, ಹತ್ತರಿ, ಕೈಗರಗಸ ಮಾತ್ರ.

ಆಕೆಗೆ ಪ್ರತ್ಯೇಕವಾಗಿ ಒಂದು ಮಾತು ಹೇಳಿದ್ದೆ. ಆತನ ಮರದ ತುಂಡುಗಳನ್ನು ಆಕೆ ‘ಕಸ’ ಎನ್ನುತ್ತಿದ್ದರು. ಆ ಪದ ಬಿಡಿ ಎಂದೆ. ಆಕೆ ಬಿಟ್ಟರು, ಅದರ ಬದಲಿಗೆ ಒಂದು ಡ್ರಮ್ ತಂದಿಟ್ಟರು. ಡ್ರಮ್ ತುಂಬಿದರೆ ಹಳೆಯ ತುಂಡು ಹೊರಹೋದ ಹೊರತು ಹೊಸದು ಒಳಬರಬಾರದು. ಗೇಣುದ್ದದ ಬೀಟೆಯ ತುಂಡನ್ನು ಎಸೆಯಲಾರದೆ ಆತ ಅರ್ಧ ದಿನ ಕೈಯಲ್ಲಿ ಹಿಡಿದು ಓಡಾಡಿದರಂತೆ. ಕೊನೆಗೆ ಅದು ಮನೆ ಬೀಗದ ಕೈಗಳನ್ನು ತೂಗುಹಾಕುವ ಹಲಗೆಯಾಯಿತು.

ಮಾರ್ಚ್‌ನಲ್ಲಿ ಮತ್ತೆ ಬಂದಾಗ ಆಟೋ ಬಾಡಿಗೆ ಎರಡು ಸಲ ಕೊಡಬೇಕಾಗಿ ಬಂದಿತ್ತು. ಮೊದಲ ಸಲ ಗೊಣಗಿಕೊಂಡು ಕೊಟ್ಟರಂತೆ. ಎರಡನೆಯ ಸಲ ಆಕೆ ಕೇಳುವ ಮೊದಲೇ ಹಣ ಫ್ರಿಜ್ಜಿನ ಮೇಲಿತ್ತು. ಆಮೇಲೆ ಬೇಸಿಗೆ ರಜೆ ಬಂತು, ಆಕೆ ಇಡೀ ದಿನ ಮನೆಯಲ್ಲಿ, ನಾವು ಹಾಕಿದ ವೇಳಾಪಟ್ಟಿ ತಲೆಕೆಳಗಾಯಿತು. ನನ್ನನ್ನು ಕೇಳದೆ ತಾವೇ ಹೊಸದು ಮಾಡಿಕೊಂಡಿದ್ದರು: ಯಂತ್ರ ಬೆಳಗ್ಗೆ ಹತ್ತರಿಂದ ಒಂದರವರೆಗೆ ಮಾತ್ರ.

ಬಗೆಹರಿಯದೆ ಉಳಿದದ್ದು ಬಟ್ಟೆ ಹಗ್ಗ. ಶೆಡ್ಡಿನಿಂದ ಅದನ್ನು ತೆಗೆದಿದ್ದಾಗಿದೆ, ಮಳೆ ಇನ್ನೇನು ಹಿಡಿಯಲಿದೆ. ಜಗುಲಿಗೆ ಕೊಕ್ಕೆ ಹೊಡೆಯುತ್ತೇನೆ ಎಂದು ಆತ ಹೇಳುತ್ತಾರೆ. ಆ ಜಗುಲಿಯಲ್ಲಿ ಕೂತು ಪತ್ರಿಕೆ ಓದುವವರು ಅವರೇ, ನಾಲ್ಕನೆಯ ದಿನಕ್ಕೆ ಒದ್ದೆ ಬಟ್ಟೆ ಮುಖಕ್ಕೆ ತಗುಲುತ್ತದೆ ಎಂದು ಕೂಗುತ್ತಾರೆ ಎನ್ನುವುದು ಆಕೆಯ ವಾದ. ಜೂನ್ ಎರಡನೆಯ ವಾರಕ್ಕೆ ಸಮಯ ಕೊಟ್ಟಿದ್ದೇನೆ. ಜಗುಲಿಯ ಅಳತೆ ತರಲು ಹೇಳಿದ್ದೇನೆ.